ಸುಲ್ತಾನನ ಮಕ್ಕಳು

ಮೊಲ ಎಂದು ಹೆಸರಿಟ್ಟವರು ಅತ್ತೆ. ಬಂಗಾರಿ ಹಾಕಿದ ಏಳು ಮರಿಗಳಲ್ಲಿ ಆರು ಎದ್ದು ಓಡಲು ಕಲಿತು, ಚಪ್ಪಲಿ ಕಚ್ಚಲು ಕಲಿತು, ಒಂದೊಂದಾಗಿ ಬೇರೆ ಬೇರೆ ಮನೆ ಸೇರಿದವು. ಏಳನೆಯದು ಮಾತ್ರ ಓಡುವಾಗ ಹಿಂದಿನ ಎರಡೂ ಕಾಲು ಜೋಡಿಸಿಕೊಂಡು ಕುಪ್ಪಳಿಸುತ್ತಿತ್ತು. "ನಾಯಿ ಹೊಟ್ಟೇಲಿ ಮೊಲ ಹುಟ್ಟಿದೆ ನೋಡೇ" ಎಂದು ಅತ್ತೆ ಸೊಸೆಯನ್ನು ಕರೆದು ತೋರಿಸಿ ನಕ್ಕರು. ಸೊಸೆಯೂ ನಕ್ಕಳು. ಅದನ್ನು ಕೊಳ್ಳಲು ಬಂದವರು ನಗಲಿಲ್ಲ, ಬೇರೆ ಮರಿ ಆರಿಸಿಕೊಂಡು ಹೋದರು. ಹಾಗೆ ಮೊಲ ಮನೆಯಲ್ಲೇ ಉಳಿಯಿತು.

ಸೊಸೆ ಕಾರು ಓಡಿಸಲು ಕಲಿಸುವವಳು. ಬೀದಿಗೆಲ್ಲ ಆಕೆ ಡ್ರೈವಿಂಗ್ ಮೇಡಂ. ಆಕೆಯ ಪುಟ್ಟ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು. ಹೊಸಬರು ಕೈಕಾಲು ತಣ್ಣಗಾಗಿ ಆಕ್ಸಿಲರೇಟರ್ ಒತ್ತಿಬಿಟ್ಟರೆ ಆಕೆ ಕೂಗುವುದಿಲ್ಲ, ಮೆಲ್ಲಗೆ ತನ್ನ ಬ್ರೇಕು ಒತ್ತಿ ಗಾಡಿ ನಿಲ್ಲಿಸಿ, "ಈಗ ಹೇಳಿ, ಏನ್ ನೋಡಿ ಗಾಬರಿ ಆಯ್ತು?" ಎಂದು ಕೇಳುತ್ತಾಳೆ. ಗಂಡ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಮೇಣ, ಪ್ಲಾಸ್ಟರಿನ ಪುಡಿಗಳ ನಡುವೆ, ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಾನೆ. "ಊರವರ ಬಾಯಿಗೆಲ್ಲ ಹಲ್ಲು ಕೂರಿಸ್ತಾನೆ, ತಾನು ಮಾತ್ರ ಬಾಯಿ ಬಿಡಲ್ಲ" ಎಂಬುದು ಮಗನ ಬಗ್ಗೆ ಅತ್ತೆಯ ದೂರು. ಅವನ ಪಾಲಿನ ಮಾತನ್ನೂ ಅತ್ತೆಯೇ ಆಡಿ ಮುಗಿಸುತ್ತಿದ್ದರಿಂದ ಮನೆಯಲ್ಲಿ ಲೆಕ್ಕ ಸರಿಹೋಗುತ್ತಿತ್ತು.

ಬಂಗಾರಿ ಹೊಂಬಣ್ಣದ ಲ್ಯಾಬ್ರಡಾರ್. ಅವಳಿಗೆ ಒಮ್ಮೆಯಾದರೂ ಮರಿಯಾಗಲಿ ಎಂದು ಮೇಡಂಗೆ ಆಸೆ. ಊರಿನಲ್ಲಿ ಆ ಜಾತಿಯ ಗಂಡು ನಾಯಿಯೆಂದರೆ ಎಲ್ಲರ ಬಾಯಲ್ಲಿ ಒಂದೇ ಹೆಸರು, ಸುಲ್ತಾನ. ಎಣ್ಣೆ ಹಚ್ಚಿದಂತೆ ಮಿರುಗುವ ಕಪ್ಪು ಮೈ, ಪ್ರದರ್ಶನಗಳಲ್ಲಿ ಗೆದ್ದ ಕಪ್ಪುಗಳು ಒಂದು ಕಪಾಟು ತುಂಬ. ಅದರ ಯಜಮಾನ ನಾಯಿ ಸಾಕುವವರ ಸಂಘದ ಅಧ್ಯಕ್ಷ. ಎಲ್ಲರೂ ಅವರನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಸೈನ್ಯದ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ, ಕಾಲೇಜಿನ ಹಾಕಿ ತಂಡಕ್ಕೆ ನಾಯಕರಾಗಿದ್ದರಂತೆ, ಬಿರುದು ಹಾಗೇ ಅಂಟಿಕೊಂಡಿತ್ತು.

"ಈ ಜಾತೀಲಿ ಒಂದು ಸ್ನಾಯು ಕಾಯಿಲೆ ಇದೆ, ವಂಶದಲ್ಲೇ ಬರೋದು. ನಮ್ಮ ಸುಲ್ತಾನಂಗೆ ಟೆಸ್ಟ್ ಆಗಿದೆ. ಕ್ಲಿಯರ್" ಎಂದು ಕ್ಯಾಪ್ಟನ್ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಲ್ಯಾಬಿನ ಪತ್ರವನ್ನು ತೋರಿಸಿದ್ದರು. "ಗಂಡು ಕ್ಲಿಯರ್ ಇದ್ಮೇಲೆ ಮರಿಗೆ ಆ ಕಾಯಿಲೆ ಬರೋ ಪ್ರಶ್ನೇನೇ ಇಲ್ಲ. ನಿಮ್ಮ ಹೆಣ್ಣನ್ನ ಟೆಸ್ಟ್ ಮಾಡಿಸೋ ಗೋಜೇ ಬೇಡ." ಮಾತು ಸರಿಯಾಗಿಯೇ ಇತ್ತು. ಮೇಡಂ ಒಪ್ಪಿದಳು.

ಚಳಿ ಶುರುವಾದಾಗ ಮೊಲಕ್ಕೆ ನಾಲ್ಕು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಪಾರ್ಕಿನ ದಾರಿಯಲ್ಲಿ ಬಂಗಾರಿಯ ಹಿಂದೆ ಕುಪ್ಪಳಿಸುತ್ತಾ ಹೋಗುತ್ತಿದ್ದ ಮರಿ ಇದ್ದಕ್ಕಿದ್ದಂತೆ ತಲೆ ತಗ್ಗಿಸಿತು, ಬೆನ್ನು ಬಿಲ್ಲಿನಂತೆ ಬಾಗಿತು, ಮುಂಗಾಲು ಮಡಚಿಕೊಂಡು ಮಣ್ಣಿನಲ್ಲಿ ಮೂಗೂರಿ ಕುಸಿಯಿತು. ನೋವಿಗೆ ಅಳಲಿಲ್ಲ. ಏಳಲಾಗದ್ದಕ್ಕೆ ತನಗೇ ಆಶ್ಚರ್ಯವಾದಂತೆ ಮೇಡಂ ಮುಖ ನೋಡುತ್ತಾ ಬಾಲ ಅಲ್ಲಾಡಿಸಿತು. ಆಕೆ ಅದನ್ನು ಕೋಟಿನಲ್ಲಿ ಸುತ್ತಿ ಎತ್ತಿಕೊಂಡು ನೇರ ಪಶು ಆಸ್ಪತ್ರೆಗೆ ಹೋದಳು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತಿಗಿಂತ ಕೈ ಚುರುಕು. ಮರಿಯನ್ನು ಉಕ್ಕಿನ ಮೇಜಿನ ಮೇಲೆ ನಿಲ್ಲಿಸಿ ತೊಡೆ ಹಿಡಿದು ನೋಡಿದರು, ಮಂಡಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಕಾಲು ಹಾರಬೇಕಿತ್ತು, ಹಾರಲಿಲ್ಲ. ಇನ್ನೊಮ್ಮೆ ತಟ್ಟಿದರು. ಆಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ಮೊಲದ ಕೆನ್ನೆಯ ಒಳಗೆ ಒರೆಸಿ, ಕಡ್ಡಿಯನ್ನು ಕೊಳವೆಗೆ ಹಾಕಿ ಮುಚ್ಚಿದರು. ಬಂಗಾರಿಯ ಕೆನ್ನೆಯನ್ನೂ ಒರೆಸಿದರು.

ಫಲಿತಾಂಶ ಬಂದ ದಿನ ಡಾಕ್ಟರೇ ಫೋನು ಮಾಡಿ ಬರಹೇಳಿದರು. ಅತ್ತೆಯೂ ಹೊರಟರು.

"ಅದೇ ಸ್ನಾಯು ಕಾಯಿಲೆ" ಎಂದರು ಡಾಕ್ಟರು. "ಈ ಕಾಯಿಲೆ ಬರಬೇಕು ಅಂದ್ರೆ ಕೆಟ್ಟ ಜೀನು ಎರಡು ಪ್ರತಿ ಬೇಕು. ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಒಂದೇ ಪ್ರತಿ ಇದ್ದರೆ ನಾಯಿ ಆರೋಗ್ಯವಾಗೇ ಇರುತ್ತೆ, ಮಕ್ಕಳಿಗೆ ದಾಟಿಸಬಹುದು ಅಷ್ಟೇ. ಅದಕ್ಕೆ ಕ್ಯಾರಿಯರ್ ಅಂತೀವಿ. ಒಂದೂ ಇಲ್ಲದಿದ್ರೆ ಕ್ಲಿಯರ್. ನಿಮ್ಮ ಬಂಗಾರಿ ಕ್ಯಾರಿಯರ್."

"ಅಯ್ಯೋ, ಇವಳಿಂದ ಬಂತಾ?" ಎಂದರು ಅತ್ತೆ.

"ಇವಳಿಂದ ಅರ್ಧ. ಇನ್ನರ್ಧ ಅಪ್ಪನಿಂದಲೇ ಬಂದಿರಬೇಕು. ಬೇರೆ ದಾರಿ ಇಲ್ಲ."

"ಅಪ್ಪ ಕ್ಲಿಯರ್ ಅಂತ ಗೋಡೆ ಮೇಲಿದೆಯಲ್ಲಾ" ಎಂದಳು ಮೇಡಂ.

ಡಾಕ್ಟರು ಫಲಿತಾಂಶದ ಹಾಳೆ ಮಡಚಿಟ್ಟರು. "ಗೋಡೆ ಮೇಲಿರೋದು ಯಾವುದೋ ಒಂದು ಕೆನ್ನೆಯ ಫಲಿತಾಂಶ. ಕಡ್ಡೀನ ಮನೆಗೇ ತರಿಸಿಕೊಂಡು ಯಾರು ಬೇಕಾದ್ರೂ ಒರೆಸಿ ಕಳಿಸಬಹುದು. ಅದು ಯಾರ ಕೆನ್ನೆ ಅಂತ ಲ್ಯಾಬಿಗೆ ಏನು ಗೊತ್ತು?"

ಮರಿಯ ಗತಿ ಏನು ಎಂದು ಮೇಡಂ ಕೇಳಿದಳು. ಔಷಧಿ ಇಲ್ಲ, ಎಂದರು ಡಾಕ್ಟರು. ಸ್ನಾಯು ಬೆಳೆಯುವುದಿಲ್ಲ, ಚಳಿಯಲ್ಲಿ ಹೆಚ್ಚು ಬೀಳುತ್ತಾನೆ, ಊಟದ ಬಟ್ಟಲು ಎತ್ತರದಲ್ಲಿಡಬೇಕು, ಗಂಟಲಲ್ಲಿ ಸಿಕ್ಕದಂತೆ ನೋಡಬೇಕು. ನೋವು ಇರುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ. "ಓಡೋ ನಾಯಿ ಆಗಲ್ಲ. ಆದ್ರೆ ನಾಯಿ ಆಗಿ ಬದುಕ್ತಾನೆ."

ಮನೆಗೆ ಬಂದವಳೇ ಮೇಡಂ ಮೊದಲು ಮಾಡಿದ ಕೆಲಸ ಉಳಿದ ಆರು ಮನೆಗಳಿಗೂ ಫೋನು ಮಾಡಿದ್ದು. ಹೀಗಾಗಿದೆ, ನಿಮ್ಮ ಮರಿಯನ್ನೂ ಟೆಸ್ಟ್ ಮಾಡಿಸಿ, ಕಾಯಿಲೆ ಇದ್ದರೆ ನಾನೇ ವಾಪಸು ತಗೋತೀನಿ ಎಂದಳು. ಒಬ್ಬಾತ ಬಾಯಿಗೆ ಬಂದಂತೆ ಬೈದ. ಉಳಿದವರು ಹೆದರಿದರು, ಆಮೇಲೆ ಟೆಸ್ಟ್ ಮಾಡಿಸಿದರು. ಆರರಲ್ಲಿ ಯಾವುದಕ್ಕೂ ಕಾಯಿಲೆ ಇರಲಿಲ್ಲ. ಕೆಲವು ಕ್ಯಾರಿಯರ್‌ಗಳಿದ್ದವು.

ಆಮೇಲೆ ಕ್ಯಾಪ್ಟನ್ ಮನೆಗೆ ಹೋದಳು. ಅತ್ತೆ ಬೇಡವೆಂದರೂ ಜೊತೆಗೆ ಬಂದರು. ಮೊಲ ಅತ್ತೆಯ ತೊಡೆಯ ಮೇಲೆ.

ಕ್ಯಾಪ್ಟನ್ ಮರಿಯನ್ನು ಒಮ್ಮೆ ನೋಡಿ ಕಣ್ಣು ತೆಗೆದರು. "ಪಾಪ. ಏನ್ ಮಾಡೋದು, ಹೆಣ್ಣಿನ ಕಡೆಯಿಂದ ಬಂದಿದೆ."

"ಹೆಣ್ಣಿನ ಕಡೆಯಿಂದ ಅರ್ಧ" ಎಂದಳು ಮೇಡಂ. "ಇನ್ನರ್ಧ ಕೇಳೋಕೆ ಬಂದಿದೀನಿ."

"ಸುಲ್ತಾನ ಕ್ಲಿಯರ್, ನೀವೇ ನೋಡಿದೀರಿ."

"ಹಾಗಾದ್ರೆ ಡಾಕ್ಟರ ಎದುರಿಗೆ ಇನ್ನೊಂದು ಸಲ ಕೆನ್ನೆ ಒರೆಸಿಬಿಡೋಣ. ಕ್ಲಿಯರ್ ಬಂದ್ರೆ ಎಲ್ಲರ ಮುಂದೆ ನಾನು ಕ್ಷಮೆ ಕೇಳ್ತೀನಿ."

ಕ್ಯಾಪ್ಟನ್ ಮೀಸೆಯಲ್ಲೇ ನಕ್ಕರು. "ಇಷ್ಟು ವರ್ಷದಿಂದ ಈ ಸಂಘ ನಡೆಸಿದೀನಿ. ನನ್ನ ಮಾತಿಗೆ ಸಾಕ್ಷಿ ಬೇಕಾ?" ಆಮೇಲೆ ದನಿ ತಗ್ಗಿಸಿದರು. "ನೋಡೀಮ್ಮ, ಬಿಡಿಸಿ ಹೇಳೋಕೆ ನನಗೂ ಸಂಕೋಚ. ಸುಲ್ತಾನ ಕ್ಲಿಯರ್, ಮರಿಗೆ ಕಾಯಿಲೆ. ಅಂದ್ರೆ ಅರ್ಥ ಏನು? ನಿಮ್ಮ ಹೆಣ್ಣು ಬೇರೆ ಯಾವುದೋ ಗಂಡಿನ ಜೊತೆ ಓಡಾಡಿರಬೇಕು. ನೀವು ಕ್ಲಾಸಿಗೆ ಅಂತ ಹೊರಗಡೆ ಇರ್ತೀರಿ. ಬಾಗಿಲು ತೆಗೆದಿರುತ್ತೆ."

ಅತ್ತೆಗೆ ಇದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದದ್ದೇ ತಡ, ಮುಖ ಕೆಂಪಗಾಯಿತು. "ಬಾಗಿಲು ತೆಗೆದಿರುತ್ತಾ? ಮನೇಲಿ ನಾನಿರ್ತೀನಿ ಕಣ್ರೀ! ನನ್ನ ಕಣ್ತಪ್ಪಿಸಿ ಇರುವೆ ಒಳಗೆ ಬರಲ್ಲ, ನಾಯಿ ಬರುತ್ತಾ?"

ಕ್ಯಾಪ್ಟನ್ ಅವರ ಮಾತು ಕೇಳದವರಂತೆ ಮೇಡಂ ಕಡೆಗೇ ತಿರುಗಿ ಮುಂದುವರಿಸಿದರು. "ಜಗಳ ಬೇಡ. ಮುಂದಿನ ಸಲ ಸುಲ್ತಾನನ ಒಳ್ಳೇ ಮರಿ ಒಂದನ್ನ ನಾನೇ ನಿಮಗೆ ಕೊಡ್ತೀನಿ, ಆಯ್ಕೆ ನಿಮ್ಮದು. ಈ ಮರೀನ ಮಲಗಿಸಿಬಿಡಿ. ಒಂದು ಇಂಜೆಕ್ಷನ್, ಅದಕ್ಕೂ ನೆಮ್ಮದಿ. ಇಂಥದ್ದನ್ನ ಹಿಡ್ಕೊಂಡು ನಾಲ್ಕು ಜನರ ಮುಂದೆ ಓಡಾಡೋದು ನಿಮಗೂ ಚೆನ್ನಾಗಿರಲ್ಲ, ನಮ್ಮ ಸಂಘಕ್ಕೂ ಚೆನ್ನಾಗಿರಲ್ಲ."

ಮೇಡಂ ಎದ್ದು ನಿಂತಳು. "ಮರಿ ನಮ್ಮದು, ಇದ್ದಷ್ಟು ದಿನ ಇರುತ್ತೆ. ನಿಮ್ಮ ಸುಲ್ತಾನನ ಕೆನ್ನೆ ಒರೆಸೋವರೆಗೂ ನಾನೂ ಇರ್ತೀನಿ."

ದಾರಿಯುದ್ದಕ್ಕೂ ಅತ್ತೆಯ ಬಾಯಿ ನಿಲ್ಲಲಿಲ್ಲ. ಸಾಲಾಗಿ ಮೂರು ಹೆಣ್ಣು ಹೆತ್ತಾಗ ಅವರ ಅತ್ತೆಯೂ ಹೀಗೇ ಅಂದಿದ್ದರಂತೆ, ನಿನ್ನ ಹೊಟ್ಟೆಯೇ ಸರಿ ಇಲ್ಲ, ನನ್ನ ಮಗ ಅಪ್ಪಟ ಚಿನ್ನ ಎಂದು. ಇನ್ನೊಂದು ಹೆಣ್ಣು ನೋಡುವ ಮಾತೂ ಎದ್ದಿತ್ತಂತೆ. "ಆಗ ನನಗೆ ಜೀನು ಗೀನು ಏನೂ ಗೊತ್ತಿರ್ಲಿಲ್ಲ. ಬಾಯಿ ಮುಚ್ಕೊಂಡು ಅತ್ತಿದ್ದೆ. ಇವತ್ತು ಅದೇ ಮಾತನ್ನ ನಾಯಿಗೆ ಅಂತಾರೆ! ಆ ಬಂಗಾರಿಗೆ ಬಾಯಿ ಬರಲ್ಲ, ನನಗೂ ಬರಲ್ವಾ?"

"ಅತ್ತೆ, ಬರಲ್ಲ ಅಂತ ಯಾರೂ ಅಂದಿಲ್ಲ" ಎಂದಳು ಸೊಸೆ. ಇಬ್ಬರೂ ನಕ್ಕುಬಿಟ್ಟರು.

ಮನೆಯಲ್ಲಿ ಗಂಡನ ಕೆಲಸದ ಮೇಜಿನ ಎದುರು ಕೂತು ಎಲ್ಲವನ್ನೂ ಹೇಳಿದಳು. "ಆ ನಾಯೀನ ಮುಟ್ಟೋಕೇ ಬಿಡಲ್ಲ ಅಂದ್ರೆ ಏನ್ ಮಾಡೋಕಾಗುತ್ತೆ ಹೇಳಿ."

ಆತ ಯಾರದೋ ಬಾಯಿಯ ಪ್ಲಾಸ್ಟರ್ ಅಚ್ಚನ್ನು ಬೆಳಕಿಗೆ ಹಿಡಿದು ಕೆರೆಯುತ್ತಿದ್ದ. ಕೆರೆಯುವುದನ್ನು ನಿಲ್ಲಿಸಿದ. "ನಾನು ಈ ಮನುಷ್ಯನ ಬಾಯೇ ನೋಡಿಲ್ಲ. ಅಚ್ಚು ನೋಡಿ ಹೇಳ್ತೀನಿ, ಇವನ ಬಲಗಡೆ ಹಲ್ಲು ಸೊಟ್ಟ ಇತ್ತು ಅಂತ. ಸುಲ್ತಾನನ ಅಚ್ಚು ಊರೆಲ್ಲ ಓಡಾಡ್ತಿದೆಯಲ್ಲ."

ಮದುವೆಯಾದ ಮೇಲೆ ಆತ ಒಂದೇ ಉಸಿರಿಗೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲಿರಬೇಕು. ಮೇಡಂ ಬೆರಗಿನಿಂದ ಆತನ ಮುಖ ನೋಡಿದಳು. ಆಮೇಲೆ ಡಾಕ್ಟರಿಗೆ ಫೋನು ಹಚ್ಚಿ, ಸುಲ್ತಾನನ ಬೇರೆ ಮರಿಗಳನ್ನು ನೋಡಿದರೆ ಗೊತ್ತಾಗುತ್ತದೆಯೇ ಎಂದು ಕೇಳಿದಳು.

"ಹೌದು!" ಎಂದರು ಡಾಕ್ಟರು. "ಸುಲ್ತಾನನ ಜೊತೆ ಕೂಡಿಸಿದ ಬೇರೆ ತಾಯಂದಿರನ್ನ ಹುಡುಕಿ. ತಾಯಿ ಕ್ಲಿಯರ್ ಇದ್ದು ಮರಿ ಕ್ಯಾರಿಯರ್ ಆದ್ರೆ, ಆ ಜೀನು ಎಲ್ಲಿಂದ ಬಂತು? ಅಪ್ಪನಿಂದಲೇ. ಅಪ್ಪನ ಕೆನ್ನೆ ಮುಟ್ಟೋದೇ ಬೇಡ. ಆದ್ರೆ ಕಡ್ಡಿ ನಾನೇ ಒರೆಸ್ತೀನಿ, ಚರ್ಮದ ಕೆಳಗಿರೋ ಚಿಪ್ ಓದಿ, ಯಾವ ನಾಯಿ ಅಂತ ಖಚಿತ ಮಾಡ್ಕೊಂಡೇ. ನಾಳೆ ಯಾರೂ ಬೆರಳು ತೋರಿಸಬಾರದು."

ಹುಡುಕುವುದು ಕಷ್ಟವಾಗಲಿಲ್ಲ. ಸುಲ್ತಾನನ ಸಂಬಂಧ ಎಂದರೆ ಜನ ತಾವಾಗಿಯೇ ಹೇಳಿಕೊಂಡು ಓಡಾಡುತ್ತಿದ್ದರು. ಒಪ್ಪಿಸುವುದು ಕಷ್ಟವಾಯಿತು. ಶಾಲೆಯ ಡ್ರಿಲ್ ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಅವರ ನಾಯಿ ಸುಲ್ತಾನನಿಂದ ಹಾಕಿದ ಮರಿ ಈಗ ಪ್ರದರ್ಶನಕ್ಕೆ ತಯಾರಾಗುತ್ತಿತ್ತು. "ನನ್ನ ಮರಿ ಗುಂಡು ಕಲ್ಲಿನ ಹಾಗಿದೆ. ಸುಮ್ಮನೆ ಕಳಂಕ ಯಾಕೆ ಹಚ್ಚಿಸ್ಕೊಳ್ಳಿ?"

"ಗುಂಡು ಕಲ್ಲಿನ ಹಾಗೇ ಇರುತ್ತೆ, ಮೇಷ್ಟ್ರೇ. ಕ್ಯಾರಿಯರ್ ಆದ್ರೂ ಅದಕ್ಕೇನೂ ಆಗಲ್ಲ" ಎಂದು ಮೇಡಂ ಮೊಲವನ್ನು ಅಂಗಳದಲ್ಲಿ ಇಳಿಸಿದಳು. ಅದು ಮೇಷ್ಟ್ರ ಕಾಲಿನತ್ತ ಕುಪ್ಪಳಿಸಿತು, ನಡುವೆ ಮುಗ್ಗರಿಸಿತು, ಎದ್ದಿತು, ಮತ್ತೆ ಕುಪ್ಪಳಿಸಿ ಅವರ ಬೂಟಿನ ಮೇಲೆ ಗದ್ದವಿಟ್ಟು ಕೂತಿತು. "ಗೊತ್ತಿಲ್ಲದೆ ಎರಡು ಕ್ಯಾರಿಯರ್ ಕೂಡಿಸಿದ್ರೆ ಹುಟ್ಟೋದು ಇದು. ಅಷ್ಟೇ ನಾನು ಹೇಳೋದು."

ಮೇಷ್ಟ್ರು ಬಹಳ ಹೊತ್ತು ಬೂಟನ್ನು ಕದಲಿಸಲಿಲ್ಲ. ಮಾರನೆಯ ದಿನ ತಾಯಿ, ಮರಿ ಎರಡನ್ನೂ ಆಸ್ಪತ್ರೆಗೆ ಕರೆತಂದರು.

ಬೇಕರಿಯ ಗಂಡ ಹೆಂಡಿರಲ್ಲಿ ಗಂಡ ಒಲ್ಲೆನೆಂದ, ಹೆಂಡತಿ ಹಿಟ್ಟಿನ ಕೈಯಲ್ಲೇ ನಾಯಿಯ ಪಟ್ಟಿ ಹಿಡಿದು ಹೊರಟಳು. ಔಷಧಿ ಅಂಗಡಿಯ ಹೆಂಗಸಿಗೆ ವಿವರಿಸುವುದೇ ಬೇಕಾಗಲಿಲ್ಲ, "ನನ್ನ ಹೆಸರು ಬರಲಿ, ತೊಂದರೆ ಇಲ್ಲ" ಎಂದಳು.

ಇಷ್ಟರಲ್ಲಿ ಸುದ್ದಿ ಕ್ಯಾಪ್ಟನ್ ಕಿವಿಗೂ ಬಿತ್ತು. ಸಂಘದ ಕಾರ್ಯದರ್ಶಿ ಫೋನು ಮಾಡಿ, ಸಂಘದ ಮರ್ಯಾದೆಗೆ ಧಕ್ಕೆ ತಂದರೆ ಸದಸ್ಯತ್ವ ಹೋಗುತ್ತದೆ ಎಂದ. "ಹೋಗಲಿ ಬಿಡಿ. ಅದಕ್ಕೇನು ಇಂಜೆಕ್ಷನ್ ಕೊಡ್ತೀರಾ?" ಎಂದು ಕೇಳಿ ಮೇಡಂ ಫೋನು ಇಟ್ಟಳು. ಹಲ್ಲಿನವನ ಹೆಂಡತಿ ರೋಗದ ನಾಯಿ ಸಾಕುತ್ತಾಳೆ, ಅದು ಅಂಟುರೋಗ ಎಂಬ ಮಾತು ಹರಡಿತು. ಸಂಘದವರ ಮನೆಯಿಂದ ಕಾರು ಕಲಿಯಲು ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕಾರಿನ ಸೀಟಿನ ಮೇಲೆ ನಾಯಿ ಕೂದಲು ಕಂಡರೆ ಸಾಕು, ಕೆಲವರು ಕರವಸ್ತ್ರ ಹಾಸಿ ಕೂರತೊಡಗಿದರು.

ಆಕೆ ಕೂದಲು ಒರೆಸಲಿಲ್ಲ. ಅಷ್ಟೇ ಅಲ್ಲ, ಕಾಯಿಲೆ ಗೊತ್ತಾದ ಮೇಲೆ ಹಿತ್ತಲಲ್ಲೇ ಅಡ್ಡಾಡಿಸುತ್ತಿದ್ದ ಮೊಲವನ್ನು ಪ್ರತಿ ಸಂಜೆ ಪಾರ್ಕಿಗೇ ಕರೆದೊಯ್ಯತೊಡಗಿದಳು. ಅಲ್ಲಿ ಸಂಘದವರು ತಮ್ಮ ನಾಯಿಗಳಿಗೆ ಠೀವಿಯಿಂದ ನಡೆಯುವ ತಾಲೀಮು ಕೊಡುತ್ತಿದ್ದರು. ಮೊಲ ನಾಲ್ಕು ಹೆಜ್ಜೆ ನಡೆದು ದಣಿದು ಕೂತರೆ, ಆಕೆಯೂ ದಾರಿಯ ಮಧ್ಯೆಯೇ ಅದರ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು. ಹೊಳೆಯುವ ನಾಯಿಗಳೂ ಅವುಗಳ ಯಜಮಾನರೂ ಸುತ್ತು ಹಾಕಿಕೊಂಡು ಹೋಗಬೇಕಾಗುತ್ತಿತ್ತು. "ಎದ್ದು ಪಕ್ಕಕ್ಕೆ ಕೂತ್ಕೋಬಾರದಾ?" ಎಂದು ಒಬ್ಬ ಗೊಣಗಿದ. "ಅವನಿಗೆ ಸುಸ್ತಾಗಿದ್ದು ಇಲ್ಲಿ" ಎಂದಳು ಮೇಡಂ.

ಒಂದು ದಿನ ಮಾತ್ರ ಆಕೆಗೂ ಧೈರ್ಯ ಸೋರಿತು. ಮೊಲದ ಗಂಟಲಲ್ಲಿ ತುತ್ತು ಸಿಕ್ಕಿಕೊಂಡು ಕಣ್ಣು ಮೇಲಕ್ಕೆ ಹೋಗಿತ್ತು. ಗಂಡ ಬಾಯೊಳಗೆ ಬೆರಳು ಹಾಕಿ ತೆಗೆದ, ಬಾಯಿಯ ಒಳಗು ಆತನಿಗೆ ಚೆನ್ನಾಗಿ ಗೊತ್ತು. ಮರಿ ಉಸಿರಾಡಿದ ಮೇಲೆ ಮೇಡಂ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು. "ನನ್ನ ಹಟಕ್ಕೆ ಇದನ್ನ ನರಳಿಸ್ತಿದೀನಾ?" ಎಂದು ಕೇಳಿದಳು. ಮೊಲ ಎದ್ದು ಬಟ್ಟಲ ಕಡೆಗೆ ಹೋಗಿ, ಉಳಿದದ್ದು ಕೊಡಿ ಎನ್ನುವಂತೆ ಮೂತಿಯಿಂದ ತಟ್ಟಿತು. ಅತ್ತೆ ಊಟವನ್ನು ಕೈಯಲ್ಲೇ ಕಿವುಚಿ ಮೆತ್ತಗೆ ಮಾಡಿ ಉಣಿಸಿದರು. ಅಂದಿನಿಂದ ಅವನ ಊಟ ಅವರದೇ ಜವಾಬ್ದಾರಿಯಾಯಿತು.

ಫಲಿತಾಂಶಗಳೆಲ್ಲ ಬಂದಾಗ ಡಾಕ್ಟರು ಮೂರೂ ಮನೆಯವರನ್ನು ಕರೆಸಿ ಹೇಳಿದರು. ಮೂವರು ತಾಯಂದಿರೂ ಕ್ಲಿಯರ್. ಮೇಷ್ಟ್ರ ಮರಿ ಕ್ಯಾರಿಯರ್. ಬೇಕರಿಯವರ ಎರಡು ಮರಿಗಳಲ್ಲಿ ಒಂದು ಕ್ಲಿಯರ್, ಒಂದು ಕ್ಯಾರಿಯರ್. ಔಷಧಿ ಅಂಗಡಿಯವಳದೂ ಕ್ಯಾರಿಯರ್. ಮೇಷ್ಟ್ರು ತಮ್ಮ ಮರಿಯ ಕಿವಿ ಸವರುತ್ತಾ, "ಹಾಗಾದ್ರೆ ಗೋಡೆ ಮೇಲಿರೋದು ಯಾರ ಕೆನ್ನೆ?" ಎಂದರು. ಅದಕ್ಕೆ ಉತ್ತರ ಯಾರಿಗೂ ಇವತ್ತಿಗೂ ಗೊತ್ತಿಲ್ಲ.

ಸಂಘದ ವಾರ್ಷಿಕ ಸಭೆ ಟೇಬಲ್ ಟೆನಿಸ್ ಆಡುವ ಒಂದು ಸಭಾಂಗಣದಲ್ಲಿ. ಮೇಜುಗಳನ್ನು ಗೋಡೆಗೆ ಒರಗಿಸಿ ಕುರ್ಚಿ ಹಾಕಿದ್ದರು. ಬಾಗಿಲಲ್ಲಿ ಕಾರ್ಯದರ್ಶಿ ಅಡ್ಡ ನಿಂತ. "ನಾಯಿ ಒಳಗೆ ಬರೋ ಹಾಗಿಲ್ಲ."

"ನಾಯಿ ಸಂಘಕ್ಕೆ ನಾಯಿ ಬರಬಾರದಾ? ಹಾಗಾದ್ರೆ ಒಳಗೆ ಕೂತಿರೋರೆಲ್ಲ ಯಾರು?" ಎಂದು ಅತ್ತೆ ಗಟ್ಟಿಯಾಗಿಯೇ ಕೇಳಿದರು. ಹಿಂದಿನ ಸಾಲಿನಲ್ಲಿ ಕೂತವರು ಕಿಸಕ್ಕನೆ ನಕ್ಕರು. ಕಾರ್ಯದರ್ಶಿ ಆ ನಗುವಿನತ್ತ ತಿರುಗುವಷ್ಟರಲ್ಲಿ ಅವರು ಮೊಲವನ್ನು ಎತ್ತಿಕೊಂಡು ಮೊದಲ ಸಾಲಿಗೇ ಹೋಗಿ ಕೂತಾಗಿತ್ತು. ಡಾಕ್ಟರು, ಮೇಷ್ಟ್ರು, ಬೇಕರಿಯವಳು, ಔಷಧಿ ಅಂಗಡಿಯವಳು ಹಿಂದೆಯೇ ಬಂದರು.

ಮೇಡಂ ಮಾತಾಡಲು ಎದ್ದಾಗ ಕ್ಯಾಪ್ಟನ್ ಮೈಕಿನಲ್ಲಿ ತಡೆದರು. "ಇದು ಇವರ ಮನೆ ವಿಷಯ. ಇವರ ಹೆಣ್ಣು ನಾಯಿ ಕಟ್ಟಿನಲ್ಲಿರಲಿಲ್ಲ. ಹೊರಗೆ ಓಡಾಡಿ ಬಂದು ನನ್ನ ಸುಲ್ತಾನನ ಮೇಲೆ ಹೊರಿಸಿದ್ರೆ ನಾನೇನ್ ಮಾಡ್ಲಿ?"

ಕೆಲವರು ನಕ್ಕರು. ಮೇಡಂ ನಗು ಮುಗಿಯುವವರೆಗೆ ಕಾದಳು. ಆಕೆಗೆ ಮೈಕು ಕೊಟ್ಟಿರಲಿಲ್ಲ, ಬೇಕಾಗಲೂ ಇಲ್ಲ. ದಿನವಿಡೀ ಟ್ರಾಫಿಕ್ಕಿನ ಮೇಲೆ ಮಾತಾಡಿ ಪಳಗಿದ ಗಂಟಲು.

"ಸರಿ ಕ್ಯಾಪ್ಟನ್, ನಮ್ಮ ಬಂಗಾರಿ ಓಡಾಡಿದ್ಲು ಅಂತಲೇ ಇಟ್ಕೊಳ್ಳೋಣ. ಮೇಷ್ಟ್ರ ನಾಯಿ ಕ್ಲಿಯರ್, ಅದರ ಮರಿ ಕ್ಯಾರಿಯರ್. ಅದೂ ಓಡಾಡಿತ್ತಾ? ಬೇಕರಿಯವರ ನಾಯಿ ಕ್ಲಿಯರ್, ಮರಿ ಕ್ಯಾರಿಯರ್. ಅದೂ ಓಡಾಡಿತ್ತಾ? ಔಷಧಿ ಅಂಗಡಿಯವರದ್ದು? ಊರಿನ ಹೆಣ್ಣು ನಾಯಿಗಳೆಲ್ಲ ಸುಲ್ತಾನನ ಮನೆಗೆ ಹೋಗಿಬಂದು, ಆಮೇಲೆ ಒಂದೇ ಯಾವುದೋ ಬೀದಿನಾಯಿ ಹತ್ರ ಹೋಗಿದ್ವಾ? ಹಾಗಿದ್ರೆ ಆ ಬೀದಿನಾಯಿನೇ ಹುಡುಕಿ ಸಂಘದ ಅಧ್ಯಕ್ಷರನ್ನಾಗಿ ಮಾಡೋಣ."

ಈ ಸಲದ ನಗು ಬೇರೆ ಕಡೆಯಿಂದ ಬಂತು. ಮೇಷ್ಟ್ರು ಎದ್ದು ನಿಂತು, "ನನ್ನ ನಾಯಿ ಗೇಟು ದಾಟಿಲ್ಲ. ದಾಟಿದೆ ಅನ್ನೋರು ಎದ್ದು ನಿಲ್ಲಿ" ಎಂದು ಮೈದಾನದಲ್ಲಿ ಕೂಗುವ ದನಿಯಲ್ಲಿ ಕೂಗಿದರು. ಯಾರೂ ನಿಲ್ಲಲಿಲ್ಲ. ಡಾಕ್ಟರು ನಾಲ್ಕೇ ಮಾತಿನಲ್ಲಿ ವಿಷಯ ವಿವರಿಸಿ, ಚಿಪ್ ಓದಿ ತಾವೇ ಒರೆಸಿದ್ದೆಂದು ಹೇಳಿ ಕೂತರು.

ಸಭೆ ಅಲ್ಲಿಗೆ ತಿರುಗಿಬಿದ್ದಿತು. ಆದರೆ ಬೇಕಾದದ್ದಕ್ಕಿಂತ ಹೆಚ್ಚು ತಿರುಗಿತು. ಎರಡನೇ ಸಾಲಿನಿಂದ ಒಬ್ಬ, "ಸುಲ್ತಾನನ ವಂಶವನ್ನೇ ನಿಲ್ಲಿಸಬೇಕು! ಕ್ಯಾರಿಯರ್ ಎಲ್ಲಕ್ಕೂ ಆಪರೇಷನ್ ಮಾಡಿಸಿ!" ಎಂದ. ಇನ್ನೊಬ್ಬ, "ಕಾಯಿಲೆ ಮರೀನ ಯಾಕೆ ಉಳಿಸ್ಕೊಂಡಿದಾರೆ, ಅದನ್ನ ಮೊದಲು ತೆಗೀರಿ" ಎಂದ. ಚಪ್ಪಾಳೆಯೂ ಬಿತ್ತು. ಒಂದು ಗಳಿಗೆ ಮುಂಚೆ ಆಕೆಯ ಮಾತಿಗೆ ನಕ್ಕವರೇ ತಟ್ಟಿದ ಚಪ್ಪಾಳೆ.

ಮೇಡಂ ಆ ಕಡೆಗೆ ತಿರುಗಿದಳು. "ಅದಕ್ಕೂ ನಾನು ಒಪ್ಪಲ್ಲ. ಸುಲ್ತಾನ ಏನ್ ತಪ್ಪು ಮಾಡಿದಾನೆ? ಅವನ ಕೆನ್ನೆ ಅವನೇ ಒರೆಸ್ಕೊಂಡ್ನಾ? ಕ್ಯಾರಿಯರ್ ಕಾಯಿಲೆ ನಾಯಿ ಅಲ್ಲ. ಕ್ಲಿಯರ್ ಇರೋದರ ಜೊತೆ ಕೂಡಿಸಿದ್ರೆ ಒಂದು ಮರಿಗೂ ಈ ಕಾಯಿಲೆ ಬರಲ್ಲ. ಗೊತ್ತಿರಬೇಕು ಅಷ್ಟೇ. ನಾನು ಕೇಳ್ತಿರೋದು ನಿಜ, ಬಲಿ ಅಲ್ಲ. ಇನ್ನು ಈ ಮರಿ." ಆಕೆ ಅತ್ತೆಯ ತೊಡೆಯಿಂದ ಮೊಲವನ್ನು ಎತ್ತಿ ನೆಲಕ್ಕೆ ಬಿಟ್ಟಳು. "ಇದನ್ನ ತೆಗೀಬೇಕು ಅನ್ನೋರು ಬಂದು ಇದರ ಕಣ್ಣು ನೋಡ್ಕೊಂಡು ಹೇಳಿ."

ಮೊಲ ನುಣುಪು ನೆಲದ ಮೇಲೆ ಕಾಲು ಜಾರಿ ಅಗಲಿಸಿ ಬಿತ್ತು. ಎದ್ದು ನಿಲ್ಲಲು ನೋಡಿತು, ಮತ್ತೆ ಜಾರಿತು. ಕೊನೆಗೆ ಹೊಟ್ಟೆಯನ್ನೇ ನೆಲಕ್ಕೆ ಹಚ್ಚಿ ತೆವಳುತ್ತಾ ಹೋಗಿ, ಯಾರದೋ ಕುರ್ಚಿಯ ಕೆಳಗಿದ್ದ ಚೀಲದಲ್ಲಿ ಮೂತಿ ತೂರಿಸಿ ಬ್ರೆಡ್ಡಿನ ಪೊಟ್ಟಣ ಎಳೆಯಿತು. ಆಪರೇಷನ್ ಮಾಡಿಸಿ ಎಂದವನದೇ ಆ ಚೀಲ. ಅವನು ಏನು ಮಾಡಬೇಕೆಂದು ತೋಚದೆ ಬ್ರೆಡ್ಡು ಮುರಿದು ಕೊಡಲು ಹೋದ. "ಒಣ ಬ್ರೆಡ್ ಕೊಡಬೇಡ್ರೀ, ಗಂಟಲಿಗೆ ಸಿಗುತ್ತೆ!" ಎಂದು ಅತ್ತೆ ಓಡಿದರು.

ಕ್ಯಾಪ್ಟನ್ ಸಭೆ ಮುಂದೂಡಲಾಗಿದೆ ಎಂದು ಹೇಳಿ ಮೈಕು ಆರಿಸಿದರು. ಮತ ಹಾಕಿಸಲೇ ಇಲ್ಲ. ಆದರೆ ಹೊರಗೆ ಮೆಟ್ಟಿಲ ಮೇಲೆ ಜನ ಚದುರದೆ ನಿಂತರು. ಮೇಷ್ಟ್ರು ಅಲ್ಲಿಯೇ, ಇನ್ನು ಮುಂದೆ ಚಿಪ್ ಓದಿ ಡಾಕ್ಟರೇ ಒರೆಸಿದ ಫಲಿತಾಂಶವಿಲ್ಲದೆ ತಮ್ಮ ನಾಯಿಯನ್ನು ಯಾವ ನಾಯಿಯ ಜೊತೆಗೂ ಕೂಡಿಸುವುದಿಲ್ಲ ಎಂದು ಘೋಷಿಸಿದರು. ನಾನೂ, ನಾನೂ ಎಂದು ಕೈಗಳು ಎದ್ದವು. ಎಲ್ಲ ಕೈಯೂ ಏಳಲಿಲ್ಲ, ಅರ್ಧಕ್ಕಿಂತ ಕಡಿಮೆಯೇ ಇರಬೇಕು. ಉಳಿದವರು ಕ್ಯಾಪ್ಟನ್ ಹಿಂದೆ ಹೋದರು. ಆ ವಾರವೇ ಮೇಡಂ ಸದಸ್ಯತ್ವ ಹೋಯಿತು. ಸುಲ್ತಾನ ಪ್ರದರ್ಶನಗಳಿಂದ ನಿವೃತ್ತನಾದನೆಂದು ಸಂಘ ಪ್ರಕಟಿಸಿತು, ಕಾರಣ ವಯಸ್ಸು ಎಂದಿತು.

ಮೊಲಕ್ಕೆ ವರ್ಷ ದಾಟಿತು. ಡಾಕ್ಟರು ಹೇಳಿದಂತೆಯೇ ಕಾಯಿಲೆ ಅಲ್ಲಿಗೇ ನಿಂತಿತು. ತೆಳ್ಳನೆಯ ತೊಡೆ, ತಗ್ಗಿದ ತಲೆ, ದೊಡ್ಡ ಗಂಟಲು. ಬಾಗಿಲು ಸದ್ದಾದರೆ ಎದ್ದು ನಿಲ್ಲುವ ಮೊದಲೇ ಬೊಗಳುವುದನ್ನು ಕಲಿತಿದ್ದ.

ಪ್ರತಿ ತಿಂಗಳೂ ಒಂದು ಭಾನುವಾರ ಪಶು ಆಸ್ಪತ್ರೆಯಲ್ಲಿ ಕೆನ್ನೆ ಒರೆಸುವ ಕೆಲಸ ನಡೆಯತೊಡಗಿತು. ಮೇಡಂ ನಾಯಿಗಳನ್ನು ಹಿಡಿದು ನಿಲ್ಲಿಸುತ್ತಾಳೆ, ಡಾಕ್ಟರು ಒರೆಸುತ್ತಾರೆ. ಕಾಯುವವರಿಗೆ ಅತ್ತೆ ಅಮ್ಮನಿಂದ ಒಂದು, ಅಪ್ಪನಿಂದ ಒಂದು ಎಂದು ಪಾಠ ಹೇಳುತ್ತಾರೆ. ಅಂಥ ಒಂದು ಭಾನುವಾರ ಸಾಲಿನ ಕೊನೆಯಲ್ಲಿ ಕ್ಯಾಪ್ಟನ್ ನಿಂತಿದ್ದರು. ಕೈಯಲ್ಲಿ ಒಂದು ಕಪ್ಪು ಎಳೆಯ ಹೆಣ್ಣು ನಾಯಿ. ಯಾರೋ ಕೊಳ್ಳುವವರು ಸಾಕ್ಷಿಯಿದ್ದ ಫಲಿತಾಂಶವೇ ಬೇಕು ಎಂದಿದ್ದರಂತೆ. ಅವರು ತಮ್ಮ ಸರದಿ ಬರುವವರೆಗೆ ಗೋಡೆ ನೋಡುತ್ತಾ ನಿಂತರು, ಯಾರೂ ಕೂರಲು ಹೇಳಲಿಲ್ಲ, ಯಾರೂ ಹೋಗೆಂದೂ ಹೇಳಲಿಲ್ಲ.

ಚಿಪ್ ಓದುವ ಯಂತ್ರ ಕೀಕ್ ಎಂದಿತು. ಮೇಡಂ ಮರಿಯ ಬಾಯಿ ಬಿಡಿಸಿ ಹಿಡಿದಳು, ಬೇರೆ ಯಾವ ಮರಿಯನ್ನು ಹಿಡಿಯುವಷ್ಟೇ ಮೃದುವಾಗಿ. ಡಾಕ್ಟರು ಒರೆಸಿ ಕೊಳವೆ ಮುಚ್ಚಿದರು.

"ಈಗ ಸಮಾಧಾನ ಆಯ್ತಾ ನಿಮಗೆ?" ಎಂದರು ಕ್ಯಾಪ್ಟನ್.

"ಇಲ್ಲ" ಎಂದಳು ಮೇಡಂ, ಮರಿಯ ತಲೆ ಸವರಿ ಪಟ್ಟಿಯನ್ನು ಅವರ ಕೈಗೆ ಕೊಡುತ್ತಾ. "ಮುಂದಿನ ತಿಂಗಳು ಸುಲ್ತಾನನ್ನ ಕರ್ಕೊಂಡು ಬನ್ನಿ. ಬರಲಿಲ್ಲ ಅಂದ್ರೆ ಅದರ ಮುಂದಿನ ತಿಂಗಳು ಕೇಳ್ತೀನಿ."